ಕಂಪ್ರೆಸರ್ ಬಳಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಶುರುವಾಗಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ 10 ಮೀಟರ್ ಏರ್ ರೈಫಲ್‌ಗಳಿಗೆ (ಒತ್ತಿದ ಗಾಳಿಯಿಂದ ಗುಂಡು ಹಾರಿಸುವ, 10 ಮೀಟರ್ ದೂರದ ಗುರಿಯ ಸ್ಪರ್ಧೆಯ ರೈಫಲ್) ಕಂಪ್ರೆಸರ್‌ನಿಂದ ಸಾಮಾನ್ಯವಾಗಿ 200 ಬಾರ್ ಒತ್ತಡದ ಗಾಳಿ ತುಂಬುತ್ತೇವೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಕೊಡುವುದು ಸುಮಾರು 8–10 ಬಾರ್ ಅಷ್ಟೇ. ಗಾಳಿಯನ್ನು 200 ಬಾರ್‌ವರೆಗೆ ಒತ್ತಿದಾಗ ಅದರಲ್ಲಿರುವ ತೇವ ನೀರಾಗಿ ಇಳಿಯುತ್ತದೆ. ಕರಾವಳಿಯವರಿಗಂತೂ ಈಗ ಇನ್ನೂ ಜಾಸ್ತಿ. ಆ ನೀರು ರೈಫಲ್‌ನ ಗಾಳಿ ಸಿಲಿಂಡರ್ ಸೇರಿದರೆ ಒಳಗೊಳಗೇ ಹಾಳು, ಹೊರಗೆ ಏನೂ ಕಾಣುವುದಿಲ್ಲ. ಹಾಗಾಗಿ ಯಂತ್ರ ಓಡುವಾಗ ಐದೈದು ನಿಮಿಷಕ್ಕೊಮ್ಮೆ ಡ್ರೈನ್ ವಾಲ್ವ್ ತೆರೆದು ನೀರು ಬಿಡಿ. ಫಿಲ್ಟರ್ ಒದ್ದೆಯಾಗಿದ್ದರೆ ಬದಲಾಯಿಸಿಯೇ ಮುಂದುವರಿಯಿರಿ. ಸಿಲಿಂಡರ್ ಬಿಸಿಯಾಗದಂತೆ ನಿಧಾನ ತುಂಬಿಸಿ. ತಣ್ಣಗಾದ ಮೇಲೆ ಒತ್ತಡ ಸ್ವಲ್ಪ ಇಳಿಯುವುದು ಸಹಜ, ಸೋರಿಕೆ ಅಂತ ಗಾಬರಿ ಬೇಡ.

ಹೊಸ ಕಂಪ್ರೆಸರ್ ಕೊಳ್ಳುವವರಿಗೆ: ಒಂದೇ ರೈಫಲ್ ಇದ್ದರೆ ಕೈಪಂಪು ಸಾಕು, ಸುಮ್ನೆ ದುಡ್ಡು ಸುರಿಯಬೇಡಿ. ಸ್ಕೂಬಾ ಸಿಲಿಂಡರ್ (ನೀರಿನಡಿ ಈಜುವವರು ಬಳಸುವ ದೊಡ್ಡ ಗಾಳಿ ಸಿಲಿಂಡರ್) ತುಂಬಬೇಕು ಅಂದರೆ ಹೆಚ್ಚು ಹೊತ್ತು ಓಡಬಲ್ಲ, ನೀರಿನಿಂದ ತಣಿಯುವ ಯಂತ್ರ ನೋಡಿ. ನಿಗದಿತ ಒತ್ತಡಕ್ಕೆ ತಾನೇ ನಿಲ್ಲುವ ವ್ಯವಸ್ಥೆ, ಸೇಫ್ಟಿ ವಾಲ್ವ್ ಎರಡೂ ಇರಲೇಬೇಕು.

ಆಕ್ಸಿಜನ್ ಸಿಲಿಂಡರ್‌ನಿಂದ ಯಾವತ್ತೂ ತುಂಬಬೇಡಿ. ಒಳಗೆ ಚೂರು ಎಣ್ಣೆ, ಗ್ರೀಸ್ ಇದ್ದರೂ ಸ್ಫೋಟವಾಗಬಹುದು. ಶೂಟಿಂಗ್ ರೇಂಜ್ ಅಂದರೆ ಮಕ್ಕಳೂ ಅಭ್ಯಾಸಕ್ಕೆ ಬರುವ ಜಾಗ. ಅನುಮಾನ ಇದ್ದರೆ ತುಂಬುವ ಮೊದಲೇ ಇಲ್ಲಿ ಕೇಳಿ, ರಾತ್ರಿಯಾದರೂ ಉತ್ತರಿಸುತ್ತೇನೆ.