ನಮ್ಮೂರ ಡೇರಿಯ ಸಿಬ್ಬಂದಿಗೆ ಕೃತಜ್ಞತೆಗಳು

ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘವು 25 ವರ್ಷ ಪೂರೈಸಿರುವ ಈ ಹೊತ್ತಿನಲ್ಲಿ, 2022ರ ಚರ್ಮಗಂಟು ರೋಗದ ದಿನಗಳಲ್ಲಿ ಸಂಘವನ್ನು ಉಳಿಸಿದವರನ್ನು ಕಾರ್ಯದರ್ಶಿಯಾಗಿ ನೆನೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊದಲ ಕೃತಜ್ಞತೆ ನಮ್ಮ ಹಾಲು ಪರೀಕ್ಷಕಿಗೆ. ಈ ರೋಗದಲ್ಲಿ ಮೈಮೇಲೆ ಗಂಟುಗಳು ಏಳುವ ಮೊದಲೇ ಹಸುವಿಗೆ ಜ್ವರ ಬಂದು ಹಾಲು ಇಳಿಯುತ್ತದೆ. ಹಾಲು ಅಳೆದು, ಜಿಡ್ಡು ನೋಡಿ, ಪುಸ್ತಕದಲ್ಲಿ ಬರೆಯುವಾಗ ನಿನ್ನೆ ಆರು ಲೀಟರ್ ಹಾಕಿದವರು ಇಂದು ನಾಲ್ಕೇ ಹಾಕಿದ್ದಾರೆಂಬುದು ಅವರ ಕಣ್ಣಿಗೆ ಬೀಳುತ್ತಿತ್ತು. ಅವರು ಆ ಹೆಸರನ್ನು ನಮ್ಮ ಕೃತಕ ಗರ್ಭಧಾರಣೆ ಕಾರ್ಯಕರ್ತರಿಗೆ ತಿಳಿಸಿದರೆ, ಆ ಕಾರ್ಯಕರ್ತರು ಅಂದೇ ಆ ಕೊಟ್ಟಿಗೆಗೆ ಹೋಗಿ ನೋಡಿ, ಪಶುವೈದ್ಯರಿಗೆ ಫೋನ್ ಮಾಡುತ್ತಿದ್ದರು. ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ರೋಗದಲ್ಲಿ ಒಂದು ದಿನ ಮೊದಲೇ ಹಸುವನ್ನು ಬೇರೆ ಕಟ್ಟುವುದಕ್ಕೆ ಎಷ್ಟು ಬೆಲೆಯೆಂಬುದು ಹಸು ಕಳೆದುಕೊಂಡವರಿಗೆ ಗೊತ್ತು. ಮನೆ ಮನೆಗೆ ಬಂದು, ಈ ರೋಗವನ್ನು ತಡೆಯಲು ಹಸುಗಳಿಗೆ ಮೇಕೆ ಸಿಡುಬಿನ ಲಸಿಕೆ ಹಾಕಿದ ಪಶುವೈದ್ಯ ಸಿಬ್ಬಂದಿಗೂ ನಮಸ್ಕಾರಗಳು.

ಹಳ್ಳಿಯ ಸಂಘ, ಜಿಲ್ಲಾ ಒಕ್ಕೂಟ, ರಾಜ್ಯದ ಮಹಾಮಂಡಳ ಎಂಬ ಮೂರು ಹಂತದ ವ್ಯವಸ್ಥೆ ನಮ್ಮದು. ಆದರೆ ಹಾಲು ಒಡೆಯುವುದೋ ಉಳಿಯುವುದೋ ತೀರ್ಮಾನವಾಗುವುದು ಕೆಳಗಿನ ಹಂತದಲ್ಲೇ. ನಮ್ಮಲ್ಲಿ ಶೈತ್ಯೀಕರಣ ಘಟಕವಿಲ್ಲದ ಕಾರಣ, ಹಾಲು 4 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗುವವರೆಗಿನ ಪ್ರತಿ ನಿಮಿಷವೂ ಕ್ಯಾನ್ ತೊಳೆದಿಡುವ ಸಹಾಯಕರ ಮತ್ತು ವ್ಯಾನ್ ಚಾಲಕರ ಕೈಯಲ್ಲಿರುತ್ತದೆ. ಆ ತಿಂಗಳುಗಳಲ್ಲಿ ಅವರು ಒಂದು ಹೊತ್ತೂ ತಪ್ಪಿಸಲಿಲ್ಲ. ಸದಸ್ಯರ ಬಟವಾಡೆಯೂ ತಡವಾಗಲಿಲ್ಲ.

ಡೇರಿಯ ಕೆಲಸದಲ್ಲಿ ಸಂಬಳ ದೊಡ್ಡದಲ್ಲ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಬರಬೇಕು, ಹಬ್ಬ ಜಾತ್ರೆಗಳಿಗೂ ಬಿಡುವಿಲ್ಲ. ಪಟ್ಟಣದಲ್ಲಿ ಹೆಚ್ಚಿನ ಸಂಬಳದ ಕೆಲಸ ಬಂದಾಗಲೂ ನಮ್ಮ ಪರೀಕ್ಷಕಿ ಹೋಗಲಿಲ್ಲ. ಏಕೆಂದು ಕೇಳಿದಾಗ, "ನಾನು ಹೇಳಿದ ಮಾತನ್ನು ಇಲ್ಲಿ ಕೇಳ್ತಾರೆ ಸಾರ್" ಎಂದರು. ಅವರ ಮಾತು ಕೇಳಿದ್ದರಿಂದಲೇ ಅನೇಕ ಹಸುಗಳು ಉಳಿದವು, ಸಂಘದ ವ್ಯವಹಾರವೂ ಉಳಿಯಿತು ಎಂಬುದು ನನ್ನ ದೃಢವಾದ ನಂಬಿಕೆ.

ಹಾಲು ಇಳಿದುದನ್ನು ಮುಚ್ಚಿಡದೆ ಹೇಳಿದ ಸದಸ್ಯರಿಗೆ, ಅದರಲ್ಲೂ ಒಂದೇ ಹಸುವಿನ ಆದಾಯವನ್ನು ನೆಚ್ಚಿದ್ದ ಹೆಣ್ಣುಮಕ್ಕಳಿಗೆ, ವಿಶೇಷ ವಂದನೆಗಳು. ಎರಡನೆಯ ಪರೀಕ್ಷಕರನ್ನು ತರಬೇತುಗೊಳಿಸಿ, ಸಿಬ್ಬಂದಿಗೆ ಸರದಿಯಂತೆ ವಾರಕ್ಕೊಂದು ರಜೆ ಕೊಡಲು ಒಪ್ಪಿದ ಅಧ್ಯಕ್ಷರಿಗೂ ನಿರ್ದೇಶಕರಿಗೂ ಸಿಬ್ಬಂದಿಯ ಪರವಾಗಿ ಹೃತ್ಪೂರ್ವಕ ಧನ್ಯವಾದಗಳು.