ಗೈಡ್ ಬೇಕಾ, ಬೇಡ್ವಾ? ಯೂರೋಪಿಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ನೋಡಿ ನಗು ಬಂತು. ವೀಸಾ ಆಯ್ತು, ವಿಮಾನದ ಟಿಕೆಟ್ ಆಯ್ತು, ಮ್ಯೂನಿಕ್, ಪ್ರಾಗ್, ಲಂಡನ್ ಅಂತ ಊರುಗಳೂ ಗೊತ್ತಾದವು. ಈಗ ರಾತ್ರಿ ಹನ್ನೊಂದಕ್ಕೆ ನಿನ್ನನ್ನು ಕಾಡುತ್ತಿರುವ ಪ್ರಶ್ನೆ, ಕ್ಯಾಸಲ್‌ಗಳನ್ನು ಗೈಡ್ ಜೊತೆ ನೋಡುವುದಾ, ಇಲ್ಲಾ ನಾವೇ ಸುತ್ತುವುದಾ ಅಂತ. ಮೆಸೇಜಿನಲ್ಲಿ ಮುಗಿಯುವ ಉತ್ತರ ಅಲ್ಲ ಇದು. ಇನ್ನಿಬ್ಬರು ಗೆಳೆಯರೂ ಇದನ್ನೇ ಕೇಳಿದ್ದರು. ಅದಕ್ಕೇ ಪತ್ರ ಬರೆದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೈಯಬೇಡ.

ಮೊದಲನೇ ಮಾತು. ಎಷ್ಟೋ ಕಡೆ ಆಯ್ಕೆ ನಿನ್ನ ಕೈಯಲ್ಲೇ ಇಲ್ಲ. ನಿನ್ನ ಮಗಳು ಹಟ ಹಿಡಿದಿರುವ, ಜರ್ಮನಿಯ ಬವೇರಿಯಾದ ನಾಯ್ಶ್ವಾನ್‌ಸ್ಟೈನ್ ಕ್ಯಾಸಲ್ ಇದೆಯಲ್ಲ, ಅದರೊಳಗೆ ಒಬ್ಬರೇ ಓಡಾಡಲು ಬಿಡುವುದಿಲ್ಲ. ಕ್ಯಾಸಲ್‌ನವರದೇ ಗೈಡ್, ಅವರದೇ ಹೊತ್ತು, ಸುಮಾರು ಅರ್ಧ ಗಂಟೆ. ಅಂಗಳದಲ್ಲಿ ಒಂದು ಬೋರ್ಡ್ ಇರುತ್ತೆ. ನಿನ್ನ ಟಿಕೆಟ್ಟಿನ ನಂಬರ್ ಅದರಲ್ಲಿ ಬಂದಾಗ ಗೇಟಿನೊಳಗೆ ಹೋಗಬೇಕು, ಬ್ಯಾಂಕಿನಲ್ಲಿ ಟೋಕನ್ ಕೂಗಿದ ಹಾಗೆ. ತಡವಾದರೆ ಟಿಕೆಟ್ ಹೋಯ್ತು ಅಂತಲೇ ಲೆಕ್ಕ.

ಇಲ್ಲಿ ನಾವು ಬಿದ್ದ ಗುಂಡಿಗೆ ನೀನು ಬೀಳಬೇಡ. ನಾನು, ಹೆಂಡತಿ, ಅಮ್ಮ ಮೂವರೂ ಮ್ಯೂನಿಕ್‌ನಿಂದ ಒಂದು ಕಂಪನಿಯ ಬಸ್ ಟೂರ್ ತೆಗೆದುಕೊಂಡಿದ್ದೆವು. ಹೆಸರು ಬೇಡ. ‘ಗೈಡೆಡ್ ಕ್ಯಾಸಲ್ ಟೂರ್’ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಬಸ್ಸಿನಲ್ಲಿ ಗೈಡ್ ದಾರಿಯುದ್ದಕ್ಕೂ ಚೆನ್ನಾಗಿಯೇ ಕಥೆ ಹೇಳಿದ. ಬೆಟ್ಟದ ಬುಡಕ್ಕೆ ಬಂದ ಮೇಲೆ, ಒಳಗಿನ ಟಿಕೆಟ್ ಇದರಲ್ಲಿ ಸೇರಿಲ್ಲ ಅಂದ! ಅವತ್ತಿನ ಟಿಕೆಟ್ ಎಲ್ಲಾ ಖಾಲಿ. ಸೇತುವೆ ಮೇಲೆ ನಿಂತು ಫೋಟೋ ಹೊಡೆದುಕೊಂಡು ವಾಪಸ್ ಬಂದೆವು. ಎರಡು ದಿನ ಬಿಟ್ಟು, ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆದು, ನಾವೇ ಕ್ಯಾಸಲ್ ಪಕ್ಕದ ಊರು ಫ್ಯೂಸೆನ್‌ಗೆ ರೈಲು ಹತ್ತಿ ಮತ್ತೆ ಹೋದೆವು. ರೈಲಿನಲ್ಲಿ ಎರಡು ಗಂಟೆ, ಆಮೇಲೆ ಬಸ್ಸಿನಲ್ಲಿ ಸ್ವಲ್ಪ ದೂರ. ಕಷ್ಟ ಏನೂ ಇರಲಿಲ್ಲ. ಹೊರಗಿನ ಗೈಡ್ ನಿನ್ನನ್ನು ಬಾಗಿಲ ತನಕ ಮಾತ್ರ ಕರೆದುಕೊಂಡು ಹೋಗುತ್ತಾನೆ. ದುಡ್ಡು ಕಟ್ಟುವ ಮೊದಲು ‘ಒಳಗಿನ ಟಿಕೆಟ್ ಸೇರಿದೆಯಾ’ ಅಂತ ಒಂದು ಮಾತು ಕೇಳು.

ನಿಮ್ಮಪ್ಪನ ಮಂಡಿ ನೋವು ನೆನಪಿದೆ. ಅದಕ್ಕೇ ಹೇಳುತ್ತೇನೆ, ಟಿಕೆಟ್ ಸೆಂಟರಿನಿಂದ ಮೇಲಕ್ಕೆ ಏರುದಾರಿಯಲ್ಲಿ ಮೂವತ್ತು, ನಲವತ್ತು ನಿಮಿಷದ ನಡಿಗೆ. ಕುದುರೆ ಗಾಡಿ ಇದೆ, ಆದರೆ ಅದೂ ಬಾಗಿಲ ತನಕ ಹೋಗುವುದಿಲ್ಲ. ಒಳಗೆ ಹತ್ತಲು 165 ಮೆಟ್ಟಿಲು, ಇಳಿಯಲು 181. ಸುಸ್ತಾಯ್ತು ಅಂತ ನಡುವೆ ಕೂರುವ ಹಾಗಿಲ್ಲ, ಹಿಂದೆಯೇ ಮುಂದಿನ ಗುಂಪು ಬರುತ್ತಿರುತ್ತೆ. ಮೆಟ್ಟಿಲು ಹತ್ತಲಾಗದವರಿಗೆ ಲಿಫ್ಟ್ ಇದೆ, ಮೊದಲೇ ಹೇಳಿಟ್ಟಿರಬೇಕು.

ಇಷ್ಟೆಲ್ಲಾ ಹೇಳಿದೆ ಅಂತ ಗೈಡ್ ದಂಡ ಅಂದುಕೊಳ್ಳಬೇಡ. ಅಲ್ಲಿ ಗೈಡ್ ಇಲ್ಲದೆ ಹೋಗಿದ್ದರೆ ನಾನು ಬರೀ ಚಿನ್ನದ ಬಣ್ಣ ನೋಡಿ ಬರುತ್ತಿದ್ದೆ. ಸಿಂಹಾಸನದ ಹಾಲ್ ಅಂತ ಒಂದಿದೆ. ಎರಡು ಅಂತಸ್ತಿನ ಎತ್ತರ, ನೆಲದ ತುಂಬಾ ಗಿಡ, ಪ್ರಾಣಿಗಳ ಮೊಸಾಯಿಕ್. ಒಂದು ತುದಿಯಲ್ಲಿ ಬಿಳಿ ಅಮೃತಶಿಲೆಯ ಮೆಟ್ಟಿಲು. ಎಲ್ಲರೂ ತಲೆ ಎತ್ತಿ ದೀಪದ ಗೊಂಚಲು ನೋಡುತ್ತಿದ್ದೆವು. ಗೈಡ್ ಹುಡುಗಿ ಕೈ ಮಾಡಿ, ಮೆಟ್ಟಿಲ ಮೇಲೆ ಏನಿದೆ ನೋಡಿ ಅಂದಳು. ಏನೂ ಇಲ್ಲ! 1869ರಲ್ಲಿ ಈ ಕ್ಯಾಸಲ್ ಕಟ್ಟಲು ಶುರು ಮಾಡಿದ ಬವೇರಿಯಾದ ರಾಜ ಎರಡನೇ ಲುಡ್ವಿಗ್ 1886ರಲ್ಲಿ ಕೆರೆಯಲ್ಲಿ ಹೆಣವಾಗಿ ಸಿಕ್ಕ. ಸಿಂಹಾಸನ ಮಾಡಿಸುವುದು ಹಾಗೇ ನಿಂತುಹೋಯ್ತು. ಒಬ್ಬನೇ ಇರಬೇಕು ಅಂತ ಬೆಟ್ಟದ ಮೇಲೆ ಮನೆ ಕಟ್ಟಿದವನು ಅವನು. ಅವನು ಸತ್ತು ಏಳು ವಾರಕ್ಕೆ ಟಿಕೆಟ್ ಇಟ್ಟು ಜನರನ್ನು ಒಳಗೆ ಬಿಟ್ಟರು. ಈಗ ವರ್ಷಕ್ಕೆ ಹತ್ತು ಲಕ್ಷಕ್ಕೂ ಜಾಸ್ತಿ ಜನ ಹೋಗುತ್ತಾರೆ. ಆ ಖಾಲಿ ಮೆಟ್ಟಿಲ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನಿಸಿತ್ತು. ಅಷ್ಟರಲ್ಲಿ ಹುಡುಗಿ ಮುಂದಿನ ಬಾಗಿಲು ತೆಗೆದು ಕಾಯುತ್ತಿದ್ದಳು. ಫೋಟೋ ತೆಗೆಯುವ ಹಾಗೂ ಇಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಗೈಡ್ ಇಂಗ್ಲಿಷಿನಲ್ಲಿ ಪಟಪಟ ಮಾತಾಡುತ್ತಿದ್ದರೆ ನಾನು ಅಮ್ಮನ ಕಿವಿಯಲ್ಲಿ ಕನ್ನಡದಲ್ಲಿ ಪಿಸುಗುಡುತ್ತಿದ್ದೆ. ಒಂದು ವಾಕ್ಯ ಹೇಳಿ ಮುಗಿಸುವಷ್ಟರಲ್ಲಿ ಅವಳು ಮೂರು ವಾಕ್ಯ ಮುಂದೆ. ಅಮ್ಮನಿಗೂ ಅರ್ಧ, ನನಗೂ ಅರ್ಧ. ನೀನು ಹಿಂದಿನ ರಾತ್ರಿ ಊಟದ ಹೊತ್ತಿಗೆ ಲುಡ್ವಿಗ್‌ನ ಕಥೆ ಅಪ್ಪ ಅಮ್ಮನಿಗೆ ಹೇಳಿಬಿಡು. ಬೆಳಿಗ್ಗೆ ಅವರು ಸುಮ್ನೆ ನೋಡಿಕೊಂಡು ಬರಲಿ.

ಪ್ರಾಗ್‌ನಲ್ಲಿ ನಾನು ಉಲ್ಟಾ ತಪ್ಪು ಮಾಡಿದೆ. ಅಲ್ಲಿ ಕ್ಯಾಸಲ್ ಅಂದರೆ ಒಂದು ಕಟ್ಟಡ ಅಲ್ಲ, ಬೆಟ್ಟದ ಮೇಲೆ ಒಂದು ಪುಟ್ಟ ಊರು. ಅಂಗಳಗಳಿಗೆಲ್ಲಾ ಪುಕ್ಕಟೆ ಹೋಗಬಹುದು, ಕಟ್ಟಡಗಳ ಒಳಗೆ ಹೋಗಲು ಮಾತ್ರ ಟಿಕೆಟ್. ನಾಯ್ಶ್ವಾನ್‌ಸ್ಟೈನ್ ಸಿಟ್ಟು ಇನ್ನೂ ಇತ್ತಲ್ಲ, ಯಾವ ಗೈಡೂ ಬೇಡ ಅಂತ ಹೊರಟೆ. ಹಳೇ ಅರಮನೆಯಲ್ಲಿ ದೊಡ್ಡ ಹಾಲ್ ನೋಡಿ, ಪಕ್ಕದ ಕೋಣೆಗೆ ಹೊಕ್ಕು, ಕಿಟಕಿಯಿಂದ ಊರು ಚೆನ್ನಾಗಿ ಕಾಣುತ್ತೆ ಅಂತ ಒಂದು ಫೋಟೋ ಹೊಡೆದು, ಎರಡು ನಿಮಿಷದಲ್ಲಿ ಹೊರಗೆ ಬಂದೆ. ರಾತ್ರಿ ರೂಮಿನಲ್ಲಿ ಓದಿದರೆ ಅದೇ ಕಿಟಕಿಗಳ ಜಾಗ! 1618ರ ಮೇ 23ರಂದು ಪ್ರಾಟೆಸ್ಟಂಟ್ ಜಮೀನ್ದಾರರು ರಾಜನ ಇಬ್ಬರು ಅಧಿಕಾರಿಗಳನ್ನೂ ಅವರ ಗುಮಾಸ್ತನನ್ನೂ ಹೊರಗೆಸೆದಿದ್ದು ಅಲ್ಲಿಂದ. ಮೂವರೂ ಬದುಕಿದರು. ದೇವತೆಗಳು ಹಿಡಿದುಕೊಂಡರು ಅಂತ ಕ್ಯಾಥಲಿಕರು, ಕೆಳಗೆ ತಿಪ್ಪೆ ಇತ್ತು ಅಂತ ಇನ್ನೊಂದು ಕಡೆಯವರು. ಅಲ್ಲಿಂದ ಹೊತ್ತಿಕೊಂಡ ಯುದ್ಧ ಮೂವತ್ತು ವರ್ಷ ಉರಿಯಿತು. ನಾನು ಆ ಕಿಟಕಿಯಲ್ಲಿ ತಲೆ ಬಾಚಿಕೊಂಡು ಸೆಲ್ಫಿ ತೆಗೆದುಕೊಂಡಿದ್ದೆ.

ಆ ದೊಡ್ಡ ಹಾಲಿನದೂ ಹೀಗೇ. ಅದಕ್ಕೆ ಹತ್ತುವ ಮೆಟ್ಟಿಲುಗಳು ಅಗಲವಾಗಿ, ತಗ್ಗಾಗಿ ಇವೆ. ಅಮ್ಮನಿಗೆ ಅನುಕೂಲ ಆಯ್ತು ಅಂದುಕೊಂಡೆ. ಅವು ಕುದುರೆಗಳಿಗಾಗಿ ಮಾಡಿದ ಮೆಟ್ಟಿಲು. ಸವಾರರು ಕುದುರೆ ಏರಿಕೊಂಡೇ ಒಳಗೆ ಬಂದು, ಹಾಲಿನೊಳಗೇ ಈಟಿ ಹಿಡಿದು ಪಂದ್ಯ ಆಡುತ್ತಿದ್ದರಂತೆ. ಹಾಗಾಗಿ ಪ್ರಾಗ್‌ನಲ್ಲಿ ಗೈಡ್‌ಗೆ ದುಡ್ಡು ಹಾಕು. ಪುಕ್ಕಟೆ ವಾಕಿಂಗ್ ಟೂರ್‌ಗಳು ಹೆಚ್ಚಾಗಿ ಅಂಗಳದಲ್ಲೇ ಸುತ್ತಿಸಿ ಬಿಡುತ್ತವೆ, ನಿನಗೆ ಬೇಕಾದ್ದು ಹಳೇ ಅರಮನೆಯ ಒಳಗೆ ಬರುವವರು. ಪ್ರಾಗ್ ಹತ್ತಿರದ ಕಾರ್ಲ್‌ಸ್ಟೈನ್ ಕ್ಯಾಸಲ್‌ಗೆ ಹೋಗುವ ಮನಸ್ಸಿದ್ದರೆ ಅಲ್ಲೂ ಒಳಗೆ ಗೈಡ್ ಕಡ್ಡಾಯ. ಅದನ್ನು ಕಟ್ಟಿಸಿದ ರಾಜ ನಾಲ್ಕನೇ ಚಾರ್ಲ್ಸ್‌ನ ಹೋಲಿ ಕ್ರಾಸ್ ಚಾಪೆಲ್ ನೋಡಬೇಕು ಅಂದರೆ ತುಂಬಾ ಮೊದಲೇ ಬುಕ್ ಮಾಡಬೇಕು. ನಮಗೆ ಸಿಗಲಿಲ್ಲ.

ಈಗ ಲಂಡನ್ ಹತ್ತಿರದ ವಿಂಡ್ಸರ್ ಕ್ಯಾಸಲ್. ಇದಕ್ಕಾಗಿಯೇ ಈ ಪತ್ರ ಅಂದರೂ ಸರಿ.

ಅಲ್ಲಿ ಟಿಕೆಟ್ ಜೊತೆಗೇ ಒಂದು ಆಡಿಯೋ ಯಂತ್ರ ಕೊಡುತ್ತಾರೆ. ಕನ್ನಡ ಇಲ್ಲ ಬಿಡು. ಅಮ್ಮ ಹತ್ತು ನಿಮಿಷ ಕಿವಿಗೆ ಹಾಕಿಕೊಂಡು, ಭಾರ ಅಂತ ನನ್ನ ಕೊರಳಿಗೇ ಹಾಕಿದರು. ನಿಂತ ಕಡೆ ನಿಲ್ಲಬಹುದು, ಬೇಡದ ಕೋಣೆ ದಾಟಬಹುದು. ಪಿಂಗಾಣಿ ತಟ್ಟೆಗಳನ್ನೆಲ್ಲಾ ನಾವು ಓಡಿಕೊಂಡೇ ದಾಟಿದೆವು. ದೊಡ್ಡ ಮೆಟ್ಟಿಲು ಹತ್ತಿದರೆ ಗ್ರ್ಯಾಂಡ್ ವೆಸ್ಟಿಬ್ಯೂಲ್ ಅಂತ ಒಂದು ಹಾಲ್. ಗಾಜಿನ ಕಪಾಟುಗಳ ತುಂಬಾ ದೇಶದೇಶದಿಂದ ಬಂದ ಸಾಮಾನು. ಇಂಗ್ಲೆಂಡಿನ ನೌಕಾ ಸೇನಾಪತಿ ನೆಲ್ಸನ್‌ನನ್ನು ಕೊಂದ ಗುಂಡು ಅಲ್ಲೇ ಇದೆ, ಜನ ಅದರ ಮುಂದೆ ಗುಂಪುಗಟ್ಟುತ್ತಾರೆ. ಅದನ್ನು ಬಿಟ್ಟು ಈಚೆ ಬಾ. ಒಂದು ಹುಲಿಯ ತಲೆ ಇದೆ. ನಿಜವಾದ ಹುಲಿಯ ಅಳತೆ. ಮರದ ಮೇಲೆ ಚಿನ್ನದ ತಗಡು ಹೊದಿಸಿದ್ದು, ಬಾಯಿ ತೆರೆದಿದೆ, ಹಲ್ಲುಗಳು ಸ್ಫಟಿಕದವು. ಚೀಟಿಯಲ್ಲಿ ಸೆರಿಂಗಪಟಂ ಅಂತ ಊರಿನ ಹೆಸರು ಓದಿ, ಒಂದು ಕ್ಷಣ ಯಾವುದಪ್ಪಾ ಇದು ಅಂದುಕೊಂಡೆ.

ನಮ್ಮ ಶ್ರೀರಂಗಪಟ್ಟಣ ಕಣೋ. ಟಿಪ್ಪುವಿನ ಸಿಂಹಾಸನದ ಹುಲಿ ಅದು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಲೂಟಿ ಹಂಚಲು ಕೂತವರು ಸಿಂಹಾಸನವನ್ನೇ ಒಡೆದು ಪಾಲು ಮಾಡಿದರು. ಕಟಾಂಜನದ ಮೇಲಿದ್ದ ಪುಟ್ಟ ಹುಲಿ ತಲೆಗಳು ಚದುರಿಹೋದವು, ಅದರಲ್ಲೊಂದು ವೇಲ್ಸ್‌ನ ಪೊವಿಸ್ ಕ್ಯಾಸಲ್‌ನಲ್ಲಿದೆ. ನಾವು ಸ್ಕೂಲ್ ಟ್ರಿಪ್‌ನಲ್ಲಿ ಟಿಪ್ಪುವಿನ ಹೆಣ ಸಿಕ್ಕಿದ ಜಾಗದ ಕಲ್ಲಿನ ಪಕ್ಕ ನಿಂತು ಚುರುಮುರಿ ತಿಂದಿದ್ದೆವಲ್ಲ, ಆ ಊರಿನ ಹುಲಿ ಥೇಮ್ಸ್ ದಂಡೆಯ ಅರಮನೆಯಲ್ಲಿ ಬಾಯಿ ತೆರೆದುಕೊಂಡು ಕೂತಿದೆ. ಬವೇರಿಯಾದಲ್ಲಿ ಸಿಂಹಾಸನ ಇಲ್ಲದ ಹಾಲ್ ನೋಡಿ ಬಂದವನಿಗೆ ಇಲ್ಲಿ ಸಿಂಹಾಸನ ಇಲ್ಲದ ಹುಲಿ.

ಆಡಿಯೋ ಆರಿಸಿದೆ. ಅಮ್ಮ ಗಾಜಿನ ಹತ್ತಿರ ಮುಖ ಇಟ್ಟು ನೋಡಿದರು. ‘ಮೂತಿ ಥೇಟ್ ನಮ್ಮ ಮನೆ ಬೆಕ್ಕಿನ ಹಾಗಿದೆ’ ಅಂದರು. ಆಮೇಲೆ ಮೆಲ್ಲಗೆ, ‘ಇದನ್ನ ವಾಪಸ್ ಕೇಳಲಿಲ್ವಾ ಯಾರೂ?’ ಅಂದರು. ಇಪ್ಪತ್ತು ನಿಮಿಷ ಅಲ್ಲೇ ಇದ್ದೆವು. ಮೂರು ಗೈಡೆಡ್ ಗುಂಪುಗಳು ಬಂದು ಹೋದವು. ಒಂದು ಗುಂಪಿನ ಗೈಡ್ ನೆಲ್ಸನ್ ಗುಂಡಿನ ಮುಂದೆ ನಿಂತು ನಮ್ಮ ಕಡೆ ಬೆನ್ನು ಹಾಕಿಯೇ ಹೊರಟುಹೋದ. ಅವನದೇನು ತಪ್ಪು, ಅವನ ಊರಿನ ಕಥೆ ಅವನಿಗೆ. ಆ ಗುಂಪಿನಲ್ಲಿದ್ದಿದ್ದರೆ ನಾನೂ ಗುಂಡು ನೋಡಿಕೊಂಡು ಬಂದಿರುತ್ತಿದ್ದೆ.

ಹಾಗಾಗಿ ವಿಂಡ್ಸರ್‌ಗೆ ನೀವೇ ಹೋಗಿ, ಅರ್ಧ ದಿನ ಇಟ್ಟುಕೊಂಡು. 1992ರಲ್ಲಿ ಬೆಂಕಿ ಬಿದ್ದು ಮತ್ತೆ ಕಟ್ಟಿದ ಸೇಂಟ್ ಜಾರ್ಜ್ ಹಾಲ್‌ನ ಮರದ ಚಾವಣಿಯನ್ನೂ ತಲೆ ಎತ್ತಿ ನೋಡಿ, ಚೆನ್ನಾಗಿದೆ. ನಿಮ್ಮಪ್ಪ ಇತಿಹಾಸದ ಮೇಷ್ಟ್ರಾಗಿದ್ದವರು, ಹುಲಿಯ ಮುಂದೆ ಅವರೇ ಗೈಡ್ ಆಗಲಿ. ಮೊಮ್ಮಗಳಿಗೆ ಅವರು ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ನನಗೂ ಕಳಿಸು.

ಅಂದಹಾಗೆ, ನೀನು ಕಳಿಸಿದ ಪ್ಲಾನ್ ಮತ್ತೆ ನೋಡಿದೆ. ವಿಂಡ್ಸರ್ ಬುಧವಾರಕ್ಕೆ ಹಾಕಿದ್ದೀಯಾ. ಮಂಗಳವಾರ, ಬುಧವಾರ ಅಲ್ಲಿ ಬಾಗಿಲು ಹಾಕಿರುತ್ತೆ ಮಾರಾಯ. ಗುರುವಾರಕ್ಕೆ ಬದಲಾಯಿಸು, ಇವತ್ತೇ.

ಇಂತಿ ನಿನ್ನ,
ಹಳೇ ಬೆಂಚ್‌ಮೇಟ್