ಶನಿವಾರ ಫ್ರಾನ್ಸಿನ ಬೋರ್ಡೋ ವೈನ್ ರುಚಿ ನೋಡಲು ಬರುವವರಿಗೆ

ಸಂಜೆ 7ಕ್ಕೆ ಎರಡು ಬಾಟಲಿ ತೆರೆಯುತ್ತೇವೆ. ಎರಡಕ್ಕೂ ಅಲ್ಲಿನ ಊರಿನದೇ ಹೆಸರು. ಒಂದು ಪೊಯಾಕ್, ಕ್ಯಾಬರ್ನೆ ಸೊವಿನ್ಯೋಂ ದ್ರಾಕ್ಷಿ ಜಾಸ್ತಿ ಇರುವುದು. ಇನ್ನೊಂದು ಪೊಮೆರೋಲ್, ಹೆಚ್ಚಾಗಿ ಮೆರ್ಲೋ ದ್ರಾಕ್ಷಿಯದು. ಪೊಯಾಕನ್ನು ಒಂದು ಗಂಟೆ ಮೊದಲೇ ಜಗ್ಗಿಗೆ ಸುರಿದಿಡುತ್ತೇನೆ, ಗಾಳಿಯಾಡಲಿ.

ದಯವಿಟ್ಟು ಸೆಂಟ್ ಹಾಕಿಕೊಂಡು ಬರಬೇಡಿ. ಹೋದ ಸಲ ಮೂಗಿಗೆ ಬೇರೇನೂ ಸಿಗಲಿಲ್ಲ, ಅಲ್ವಾ?

ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆ ಮಾಡಿ ವೈನಿನ ಅಂಚು ನೋಡಿ. ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ವೈನಿಗೆ ವಯಸ್ಸಾಗಿದೆ. ಪೊಯಾಕಿನಲ್ಲಿ ಆಗ ತಾನೇ ಚೂಪು ಮಾಡಿದ ಪೆನ್ಸಿಲ್ ವಾಸನೆ ಸಿಗಬಹುದು, ನಗಬೇಡಿ. ಒಸಡು ಹಿಡಿಯುವ ಒಗರು ದೋಷವಲ್ಲ, ಅದು ಟ್ಯಾನಿನ್, ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಅಂಶ. ಜಾಸ್ತಿ ಕುದಿಸಿದ ಬರೀ ಟೀ ನೆನಪಿಸಿಕೊಳ್ಳಿ. ಆ ಒಗರು ಒರಟೋ ನಯವೋ, ಬರೆದುಕೊಳ್ಳಿ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ? ನಾನು ಅಂಕ ಕೊಡುವುದು ಮುಖ್ಯವಾಗಿ ಅದಕ್ಕೇ.

ಉಗುಳಲು ಬಟ್ಟಲು ಇಟ್ಟಿರುತ್ತೇನೆ. ಆದರೂ ಗಾಡಿ ತರಬೇಡಿ.